ಕೂತಲ್ಲೇ ಸುತ್ತುವವನು

ದುಡ್ಡು ಕೊಟ್ಟು ನಗಲು ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಕನಿಕರ. ಊಟಕ್ಕೆ ದುಡ್ಡು ಕೊಡುವುದು ಸರಿ, ಔಷಧಿಗೆ ಕೊಡದೆ ವಿಧಿಯಿಲ್ಲ, ನಗುವುದಕ್ಕೆ ಏಕೆ ಕೊಡಬೇಕು ಎಂಬುದು ನನ್ನ ವಾದ. ನಮ್ಮ ಮದ್ದೂರಿನಲ್ಲಿ ಬೆಳಿಗ್ಗೆ ಟೀ ಅಂಗಡಿಯ ಮುಂದೆ ಒಂದು ಲೋಟ ಟೀ ಆರುವಷ್ಟು ಹೊತ್ತು ನಿಂತರೆ ಆ ದಿನಕ್ಕೆ ಬೇಕಾದ ನಗು ಪುಕ್ಕಟೆ ಸಿಗುತ್ತದೆ. ಮೊನ್ನೆ ಒಬ್ಬ ತಲೆಗೂದಲನ್ನು ಬುಡಮಟ್ಟ ಕತ್ತರಿಸಿಕೊಂಡು ಬಂದ. ಬೆಂಚಿನ ಮೇಲೆ ಕೂತಿದ್ದವನು ತಲೆ ಎತ್ತದೆ, “ಏನ್ಲಾ, ಕಬ್ಬು ಕಟಾವು ಮುಗೀತಾ?” ಅಂದ. ಇವನು, “ಊಂ ಕಣ್ಲಾ, ಕೂಳೆ ಬುಟ್ಟವ್ನಿ, ಮುಂದಿನ ವರ್ಸಕ್ಕೆ ಚಿಗುರ್‍ತದೆ” ಅಂದ. ಅಂದವನೂ ನಗಲಿಲ್ಲ, ಕೇಳಿದವನೂ ನಗಲಿಲ್ಲ. ಇಬ್ಬರೂ ಟೀ ಕುಡಿದು ತಂತಮ್ಮ ಕೆಲಸಕ್ಕೆ ಹೋದರು. ನಮ್ಮ ಕಡೆ ನಗೆಮಾತು ಅಂದರೆ ಹೀಗೆ. ಬೆಂಗಳೂರಿಗೆ ಹೋಗುವ ಕಾರಿನವರು ಟೀಗೆಂದು ಇಳಿದರೆ ಇಲ್ಲೇನೋ ಜಗಳ ನಡೆಯುತ್ತಿದೆ ಎಂದುಕೊಂಡು ಬೇಗ ಬೇಗ ಕುಡಿದು ಹೊರಡುತ್ತಾರೆ.

ಇಂಥ ನಾನೂ ಎರಡು ಸಲ ದುಡ್ಡಿನ ನಗೆ ನೋಡಲು ಹೋಗಿ ಬಂದಿದ್ದೇನೆ. ನೋಡಲು ಹೋದೆ ಎನ್ನುವುದಕ್ಕಿಂತ ಕರೆದುಕೊಂಡು ಹೋದರು ಎನ್ನಬೇಕು. ಅದಕ್ಕೆ ಸ್ಟ್ಯಾಂಡಪ್ ಕಾಮಿಡಿ ಎಂದು ಹೆಸರಂತೆ. ಆ ಹೆಸರನ್ನು ಮಗಳ ಬಾಯಲ್ಲಿ ಮೊದಲ ಸಲ ಕೇಳಿದಾಗ ನನಗೆ ಸ್ವಲ್ಪ ಇರುಸುಮುರುಸಾಯಿತು. ನಾನು ಏಳನೇ ಕ್ಲಾಸಿಗೆ ಇಸ್ಕೂಲು ಬಿಟ್ಟವನು. ಅಷ್ಟರಲ್ಲಿ ಕಲಿತ ಇಂಗ್ಲಿಷಿನಲ್ಲಿ ಸರಿಯಾಗಿ ನೆನಪಿರುವುದು ಈ ಸ್ಟ್ಯಾಂಡಪ್ ಒಂದೇ. ನಮ್ಮ ಮೇಷ್ಟ್ರು ಪ್ರಶ್ನೆ ಕೇಳುವ ಮೊದಲು ಅದನ್ನು ಹೇಳುತ್ತಿದ್ದರು, ಉತ್ತರ ಬಾರದಿದ್ದರೆ ಬೆಂಚು ತೋರಿಸಿ ಇನ್ನೊಂದು ಸಲ ಹೇಳುತ್ತಿದ್ದರು. ಹಾಗಾಗಿ, “ಅಲ್ಲಿ ಯಾರವ್ವಾ ನಿಂತ್ಕಬೇಕು, ಅವ್ನೋ ನಾವೋ?” ಎಂದು ಮಗಳನ್ನು ಕೇಳಿದೆ. “ಅವ್ನು ನಿಂತ್ಕೋತಾನೆ ಅಪ್ಪ, ನಾವು ಕೂತ್ಕೊಂಡು ನಗೋದು” ಅಂದಳು. “ನಗ್ದಿದ್ರೆ?” ಅಂದೆ. ಅವಳು ತನ್ನಮ್ಮನ ಮುಖ ನೋಡಿದಳು.

ನನ್ನ ನಗುವಿನ ವಿಚಾರ ನಮ್ಮ ಮನೆಯಲ್ಲಿ ಹಳೆಯದು. ನನ್ನ ಹೆಂಡತಿ ಜಯಮ್ಮನ ಪ್ರಕಾರ ನಾನು ನಕ್ಕರೆ ನೀರಿಲ್ಲದ ಬೋರಿನಲ್ಲಿ ಮೋಟರ್ ಓಡಿದ ಹಾಗೆ ಸದ್ದು ಬರುತ್ತದೆ, ಮೇಲಕ್ಕೆ ಏನೂ ಬರುವುದಿಲ್ಲ. ಅವಳು ಹೋಲಿಕೆಗೆ ಮೋಟರನ್ನೇ ಹುಡುಕುವುದಕ್ಕೆ ಕಾರಣವಿದೆ. ಮೋಟರ್ ವೈಂಡಿಂಗ್ ನಮ್ಮ ಹೊಟ್ಟೆಪಾಡು. ಮದ್ದೂರಿನಲ್ಲಿ ಮಳವಳ್ಳಿ ಕಡೆಯ ರಸ್ತೆಯಲ್ಲಿ ನನ್ನದೊಂದು ಅಂಗಡಿ. ವೈಂಡಿಂಗ್ ಶಿವಣ್ಣ ಅಂದರೆ ಮಂಡ್ಯದಾಚೆ ಕೆರಗೋಡಿನ ಗದ್ದೆಯವರಿಗೂ ಗೊತ್ತು. ಪಂಪ್‌ಸೆಟ್ಟಿನ ಮೋಟರ್ ಸುಟ್ಟುಹೋದರೆ ಒಳಗಿನ ಹಳೇ ತಂತಿ ಕಿತ್ತು ಹೊಸ ತಂತಿ ಸುತ್ತಬೇಕು, ಅಷ್ಟೇ ಕೆಲಸ. ಅಷ್ಟೇ ಎಂದು ನಾನು ಹೇಳಬಹುದು, ಬೇರೆಯವರು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಈ ಕೆಲಸದಲ್ಲಿ ಒಂದು ವಿಶೇಷವೆಂದರೆ ಅಂಗಡಿಗೆ ಬರುವ ಯಾರೂ ಮೋಟರ್ ಎಂಬ ಮಾತನ್ನು ಆಡುವುದಿಲ್ಲ. ಗೂಡ್ಸ್ ಆಟೋದಿಂದ ಅದನ್ನು ದೊಪ್ಪೆಂದು ಇಳಿಸಿ, “ಯಾವತ್ತು ಸುತ್ತೀಯಣ್ಣ?” ಅನ್ನುತ್ತಾರೆ. “ಬುಧವಾರ ಸುತ್ತುತೀನಿ” ಅನ್ನುತ್ತೇನೆ. “ಬಿರ್‍ನೆ ಸುತ್ತಣ್ಣೋ, ಪೈರು ಒಣಗ್ತಾ ಅದೆ” ಅನ್ನುತ್ತಾರೆ. ಅಂಗಡಿಯಲ್ಲಿ ಸುತ್ತುವುದಕ್ಕೆ ಬೇರೆ ಏನಿರುತ್ತದೆ? ಎಷ್ಟೋ ವರ್ಷಗಳಿಂದ ನಮ್ಮ ಮನೆಯಲ್ಲೂ ಈ ಮಾತು ಹೀಗೇ ಕೈಕಾಲು ಕಳೆದುಕೊಂಡು ಓಡಾಡುತ್ತಿದೆ. “ನಿಮ್ಮೆಜಮಾನ್ರು ಎಲ್ಲಿ?” ಎಂದು ಪಕ್ಕದ ಮನೆಯವರು ಕೇಳಿದರೆ, “ಸುತ್ತುತಾವ್ರೆ” ಎಂದು ಜಯಮ್ಮ ಹೇಳುತ್ತಾಳೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಅನಾಹುತಕ್ಕೆ ಅದೂ ಒಂದು ಕಾರಣ. ನಾನು ಎಲ್ಲಿ ಹೋದರೂ ಮುಂದಿನ ಸಾಲಿನಲ್ಲಿ ಕೂರುವವನು. ಇದು ಜಂಬವಲ್ಲ. ಜಂಬ ಎಂದರೂ ನನಗೆ ಬೇಸರವಿಲ್ಲ. ಚಿಕ್ಕಂದಿನಲ್ಲಿ ಮದುವೆ ಮನೆಗಳಲ್ಲಿ ನಮಗೆ ಜಮಖಾನೆಯೇ ಗತಿ. ಆಮೇಲೆ ದುಡಿಯಲು ಶುರುಮಾಡಿದ ಕಾಲಕ್ಕೆ ಹಿಂದುಗಡೆಯ ಕುರ್ಚಿ ಸಿಕ್ಕಿತು, ಅದೂ ಒಂದು ಕಾಲು ಮುರಿದದ್ದು. ಸ್ವಂತ ಅಂಗಡಿ ಹಾಕಿ, ಬೇಸಿಗೆಯಲ್ಲಿ ಹತ್ತೂರಿನ ಜನ ನನ್ನ ಬಾಗಿಲಲ್ಲಿ ಕಾಯುವಂತಾದ ಮೇಲೆ ಒಂದು ದಿನ ನಮ್ಮೂರಿನ ಶಾಲೆಯ ವಾರ್ಷಿಕೋತ್ಸವದಲ್ಲಿ ಯಾರೋ, “ಅಲ್ಯಾಕೆ ಕೂತ್ರಿ ಶಿವಣ್ಣ, ಮುಂದಕ್ ಬನ್ನಿ” ಎಂದು ಕೈಹಿಡಿದು ಎಳೆದುಕೊಂಡು ಹೋಗಿ ಮೇಷ್ಟ್ರುಗಳ ಸಾಲಿನಲ್ಲಿ ಕೂರಿಸಿದರು. ಬೆಂಚಿನ ಮೇಲೆ ನಿಂತಿದ್ದ ಅದೇ ಶಾಲೆ. ಓದಿದವರಿಗೆ ಗೋಡೆಗೆ ತೂಗುಹಾಕಲು ಸರ್ಟಿಫಿಕೇಟು ಇರುತ್ತದೆ. ನನಗೆ ಇರುವುದು ಮುಂದಿನ ಸಾಲಿನ ಕುರ್ಚಿ. ಅಂದಿನಿಂದ ಅದನ್ನು ಬಿಟ್ಟುಕೊಟ್ಟಿಲ್ಲ.

ಈಗ ಮಗಳ ವಿಚಾರ. ಪವಿತ್ರ ಮಂಡ್ಯದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸ್ನೇಹಿತೆಯರ ಜೊತೆ ಇಂಥ ಕಾಮಿಡಿ ಷೋಗಳಿಗೆ ಹೋಗುವ ಅಭ್ಯಾಸ ಅವಳಿಗೆ ಯಾವಾಗ ಬಂತೋ ನನಗೆ ಗೊತ್ತಿಲ್ಲ. ಅಲ್ಲೇ ಹರೀಶ ಎಂಬ ಹುಡುಗನ ಪರಿಚಯವಾಯಿತಂತೆ. ಮಂಡ್ಯದಲ್ಲಿ ಬ್ಯಾಂಕಿನ ಕೆಲಸ, ಮನೆ ಮಳವಳ್ಳಿ. ಜಾತಿ, ಜಾತಕ, ನೆಂಟಸ್ತಿಕೆ ಎಲ್ಲ ನಮ್ಮ ಹಿರಿಯರು ವಿಚಾರಿಸಿ ಆಗಿತ್ತು. ಉಳಿದಿದ್ದು ಹುಡುಗನ ತಂದೆ ತಮ್ಮಯ್ಯನವರು ಒಪ್ಪುವುದೊಂದೇ. ಅವರು ನಮ್ಮ ಕಡೆಯ ಬ್ಲಫ್ ಎಂಬ ಊರಿನ ಕರೆಂಟಿನ ಪವರ್‌ಹೌಸಿನಲ್ಲಿ ಇಡೀ ಆಯಸ್ಸು ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲಿ ಅವರ ಮಾತೇ ಕಡೆಯ ಮಾತು, ಆ ಮಾತನ್ನು ಅವರು ಸುಲಭಕ್ಕೆ ಆಡುವುದಿಲ್ಲ ಎಂದು ಕೇಳಿದ್ದೆವು. ಅವರನ್ನು ಮನೆಗೆ ಕರೆದು ಉಪ್ಪಿಟ್ಟು ಕೇಸರಿಭಾತು ಕೊಡೋಣ ಎಂದು ಜಯಮ್ಮ ರವೆ ಹುರಿದಿಟ್ಟುಕೊಂಡಿದ್ದಳು. ಹುಡುಗ ಹುಡುಗಿ ಇಬ್ಬರೂ ಸೇರಿ ಬೇರೆ ಏರ್ಪಾಡು ಮಾಡಿದರು. ಮಂಡ್ಯದಲ್ಲಿ ಒಂದು ಸ್ಟ್ಯಾಂಡಪ್ ಷೋ ಇದೆ, ಎರಡು ಮನೆಯವರೂ ಅಲ್ಲಿಗೇ ಬನ್ನಿ, ಒಟ್ಟಿಗೆ ನಕ್ಕರೆ ಬಿಗುಮಾನ ಹೋಗುತ್ತದೆ ಅಂದರು. ನಗಬೇಕಾದ ಇಬ್ಬರು ಗಂಡಸರಲ್ಲಿ ಒಬ್ಬನ ನಗು ಬತ್ತಿದ ಬೋರು, ಇನ್ನೊಬ್ಬರು ನಕ್ಕಿದ್ದನ್ನು ಅವರ ಮನೆಯವರೇ ಕಂಡಿಲ್ಲ ಎಂಬುದು ಅವರ ತಲೆಗೆ ಬರಲಿಲ್ಲವೇನೋ.

ಹೊರಡುವ ದಿನ ಮಗಳು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದಳು. “ಅಪ್ಪ, ಅಲ್ಲಿ ಅವ್ನು ಏನಂದ್ರೂ ಬೇಜಾರ್ ಮಾಡ್ಕೋಬೇಡ. ಎಲ್ರೂ ನಗ್ತಾರಲ್ಲ, ನೀನೂ ನಗು. ತಮ್ಮಯ್ಯ ಅಂಕಲ್ ಪಕ್ಕ ಕೂತ್ಕೊ. ಅಷ್ಟೇ.” ಜಯಮ್ಮ ಸೇರಿಸಿದಳು, “ಬಾಯ್ ಬುಟ್ಟು ಮಾತ್ರ ನಗಬ್ಯಾಡಿ, ತುಟೀಲಿ ನಕ್ಕು ಸುಮ್ಕಾಗಿ.” ಹೆಣ್ಣು ಹೆತ್ತವನು ನಾನು. ಆಯಿತು ಅಂದೆ. ಬಿಳಿ ಷರ್ಟಿಗೆ ಇಸ್ತ್ರಿ ಹಾಕಿಸಿಕೊಂಡೆ.

ಹಾಲ್ ಮುಂದೆ ಎರಡು ಮನೆಯವರೂ ಕೂಡಿದೆವು. ತಮ್ಮಯ್ಯನವರು ನನಗಿಂತ ಒಂದು ಗೇಣು ಎತ್ತರ. ಕೈಮುಗಿದು, “ಚೆನ್ನಾಗಿದ್ದೀರಾ ಅಣ್ಣ” ಅಂದೆ. ತಲೆ ಆಡಿಸಿದರು. “ಬಸ್ಸು ರಸ್ಸಿತ್ತಾ?” ಅಂದೆ. ಮತ್ತೆ ತಲೆ ಆಡಿಸಿದರು. ರಸ್ಸಿತ್ತೋ ಇರಲಿಲ್ಲವೋ ಅದರಿಂದ ತಿಳಿಯಲಿಲ್ಲ. ಒಳಗೆ ಹೋದರೆ ನಮ್ಮ ಟಿಕೆಟ್ಟು ಮೂರನೇ ಸಾಲಿನದು. ಮುಂದಿನ ಸಾಲು ಪೂರ್ತಿ ಖಾಲಿ. ಓದಿದ ಹುಡುಗರು, ಪಾಪ, ಸಂಕೋಚಕ್ಕೆ ಹಿಂದೆ ಕೂತಿದ್ದಾರೆ, ಕರೆಯುವವರು ಬಂದು ಕರೆಯುತ್ತಾರೆ ಎಂದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದೆ. ಯಾರೂ ಕರೆಯಲಿಲ್ಲ. ಬಾಗಿಲಲ್ಲಿ ಟಿಕೆಟ್ ನೋಡುತ್ತಿದ್ದ ಹುಡುಗಿಯನ್ನು, “ಮುಂದೆ ಕೂರ್‍ಬೋದಾ ಮಗಾ?” ಎಂದು ಕೇಳಿದೆ. “ಕೂತ್ಕೊಳಿ ಅಂಕಲ್, ಅಲ್ಲಿ ಯಾರೂ ಕೂರಲ್ಲ” ಎಂದು ನಕ್ಕಳು. ಆ ನಗುವಿನ ಅರ್ಥ ಆಗ ತಿಳಿಯಲಿಲ್ಲ. ತಮ್ಮಯ್ಯನವರಿಗೆ ಮರ್ಯಾದೆ ತೋರಿಸೋಣವೆಂದು, “ಬನ್ನಿ ಅಣ್ಣ, ನಾವಿಬ್ರು ಮುಂದೆ ಕೂತ್ಕಳಣ” ಅಂದೆ. ಅವರು ಟಿಕೆಟ್ಟು ತೋರಿಸಿ, “ನನ್ ನಂಬ್ರ ಇಲ್ಲದೆ” ಎಂದು ಹೇಳಿ ಅದರ ಮೇಲೇ ಕೂತರು. ಪವರ್‌ಹೌಸಿನ ಮನುಷ್ಯ, ನಂಬರು ಬಿಟ್ಟು ಆಚೀಚೆ ಹೋಗುವವರಲ್ಲ. ಮಗಳು ಕಣ್ಣಿನಲ್ಲೇ ಬೇಡ ಬೇಡ ಅನ್ನುತ್ತಿದ್ದಳು. ಅಷ್ಟು ಜನರೆದುರು ಮುಂದೆ ಹೋಗಿ ಹಿಂದಕ್ಕೆ ಬರುವುದು ಹೇಗೆ? ನಡುಮಧ್ಯದ ಕುರ್ಚಿ ನೋಡಿ ಒಬ್ಬನೇ ಕೂತೆ.

ದೀಪ ಆರಿತು, ಮೇಲೊಂದು ದೀಪ ಹತ್ತಿತು, ಗಡ್ಡದ ಹುಡುಗನೊಬ್ಬ ಮೈಕು ಹಿಡಿದು ಬಂದ. ಬೆಂಗಳೂರಿನವನು. ಮದುವೆ ಛತ್ರದಲ್ಲಿ ಮೈಕ್ ಟೆಸ್ಟ್ ಮಾಡುವವನ ಹಾಗೆ ಅತ್ತಿಂದಿತ್ತ ಓಡಾಡಿದ. ಅವನ ಕಣ್ಣು ನೇರ ನನ್ನ ಮೇಲೆ ಬಿತ್ತು.

“ಸರ್, ನಮಸ್ಕಾರ. ಬಿಳಿ ಷರ್ಟ್ ಸರ್. ಸಾಲಲ್ಲಿ ಒಬ್ರೇ ಕೂತಿದ್ದೀರಲ್ಲ, ಹಾಲ್ ನಿಮ್ಮದಾ?”

ನನ್ನನ್ನು ಕೇಳಿದಾಗ ನಾನು ಎದ್ದು ನಿಂತೆ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವುದು ನಮಗೆ ಕಲಿಸಿದ ಮರ್ಯಾದೆ.

“ಕೂತ್ಕೊಳಿ ಸರ್. ಸ್ಟ್ಯಾಂಡಪ್ ಮಾಡೋಕೆ ನನ್ನ ಕರೆಸಿರೋದು.”

ಹಾಲಿನಲ್ಲಿ ನಗು. ನಾನು ಮಗಳು ಹೇಳಿದ ಹಾಗೆ ತುಟಿಯಲ್ಲಿ ನಕ್ಕು ಕೂತೆ. ಯಾವೂರು ಎಂದು ಕೇಳಿದ, ಮದ್ದೂರು ಅಂದೆ. ಅವನು ಬಾಯಿ ತೆರೆಯುವುದಕ್ಕೆ ಮೊದಲೇ ಹಿಂದಿನಿಂದ ಹತ್ತು ಜನ “ವಡೆ” ಅಂದರು. ಅದು ನಮಗೆ ಅಭ್ಯಾಸ. ಮದ್ದೂರಿನಲ್ಲಿ ಹುಟ್ಟಿದವನು ಏನೇ ಸಾಧಿಸಿದರೂ ಪರಸ್ಥಳದಲ್ಲಿ ವಡೆ.

“ಏನ್ ಕೆಲಸ ಮಾಡ್ತೀರಾ ಸರ್?”

“ಸುತ್ತುತೀನಿ.”

ಹುಡುಗ ಒಂದು ಗಳಿಗೆ ಮೈಕನ್ನು ಬಾಯಿಂದ ದೂರ ಇಟ್ಟುಕೊಂಡ. “ಸುತ್ತುತೀರಾ. ಅದೇ ಕೆಲಸಾನಾ?”

“ಅದೇ ಕೆಲ್ಸ ಕಣಪ್ಪ. ಬ್ಯಾರೆ ಯಾವ್ದೂ ಗೊತ್ತಿಲ್ಲ. ಉಡ್ಗನಾಗಿದ್ದಾಗ್ಲಿಂದ ಸುತ್ತುತಾ ಇವ್ನಿ.”

ಎಲ್ಲರೂ ನಕ್ಕರು. ದುಡಿಮೆಯ ಮಾತು ಕೇಳಿ ಜನರಿಗೆ ಸಂತೋಷವಾಗಿರಬೇಕು ಎಂದುಕೊಂಡೆ. ದಿಟವಾಗಿಯೂ ಹಾಗೇ ಅಂದುಕೊಂಡೆ.

“ಎಲ್ಲೆಲ್ಲಿ ಸುತ್ತುತೀರಾ ಸರ್?”

“ಎಲ್ಲೂ ಓಗಕಿಲ್ಲ. ಕೂತಲ್ಲೇ ಸುತ್ತುತೀನಿ. ಜನಾನೇ ನಮ್ತಾವ್ಕೆ ಬತ್ತಾರೆ.”

“ಮನೇಲಿ ಏನೂ ಅನ್ನಲ್ವಾ?”

“ಏನಂತಾರೆ? ನಮ್ಮನೆಯೋಳೂ ಮೊದ್ಲು ನನ್ ಜೊತೇಲಿ ಸುತ್ತೋಳು. ಈಗ ಮಂಡಿ ನೋವು, ಬುಟ್ಟವ್ಳೆ.”

ಅವನು ನಗು ತಡೆಯಲಾರದೆ ವೇದಿಕೆಯ ಮೇಲಿದ್ದ ಸ್ಟೂಲು ಹಿಡಿದುಕೊಂಡ. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ನನಗೆ ಉಮೇದು ಬಂತು. ಅವನು ಕೇಳುವುದಕ್ಕೂ ಕಾಯದೆ, ಬೇಸಿಗೆಯಲ್ಲಿ ಜಾಸ್ತಿ ಸುತ್ತುತ್ತೇವೆ, ಮಳೆ ಹಿಡಿದರೆ ಕಡಿಮೆ ಎಂದು ವಿವರವಾಗಿ ಹೇಳಿದೆ. ಅವನು ಕಣ್ಣೊರೆಸಿಕೊಂಡು, “ಇಷ್ಟೊಂದು ಸುತ್ತಿದ್ಮೇಲೆ ತಿರುಗಲ್ವಾ ಸರ್?” ಅಂದ.

“ತಿರುಗ್ಲೇಬೇಕಲ್ಲಪ್ಪ. ತಿರುಗ್ದೇ ಓದ್ರೆ ಬುಚ್ಚಿ ಇನ್ನೊಂದ್ಸಲ ಸುತ್ತೋದು.”

“ಇದಕ್ಕೆ ಏನ್ ಓದಿರ್ಬೇಕು ಸರ್?”

ಆ ಪ್ರಶ್ನೆ ಮಾತ್ರ ನನಗೆ ಬೇಕಿರಲಿಲ್ಲ. ಎರಡೇ ಸಾಲು ಹಿಂದೆ ತಮ್ಮಯ್ಯನವರು ಕೂತಿದ್ದಾರೆ. ಏಳನೇ ಕ್ಲಾಸು ಎಂಬುದು ಅವರ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, “ಇದುಕ್ಕೆ ಓದು ಬ್ಯಾಡ. ಓದ್ದೋರು ಯಾರೂ ಸುತ್ತಲ್ಲ” ಅಂದೆ.

“ನಮ್ಮ ಕಾಲೇಜಲ್ಲಿ ಎಲ್ರೂ ಅದನ್ನೇ ಮಾಡ್ತಿದ್ದಿದ್ದು ಸರ್.”

ಆ ನಗೆಯ ಮಧ್ಯದಲ್ಲಿ ಮೂರನೇ ಸಾಲಿನಿಂದ ನನಗೆ ಚೆನ್ನಾಗಿ ಪರಿಚಯವಿರುವ ಒಂದು ದನಿ ಬಂತು. ಜಯಮ್ಮ ಮೆಲ್ಲಗೆ ಹೇಳಬೇಕೆಂದೇ ಹೊರಟಿದ್ದಳು, ಆದರೆ ಹಾಲ್ ಒಳ್ಳೆಯ ಹಾಲ್, ಮೂಲೆಮೂಲೆಗೂ ಕೇಳಿತು. “ಮೋಟ್ರು ಅಂತ ಯೋಳ್ರೀ.”

ಆಗ ಹೊಳೆಯಿತು. ಕೈಯಿಂದ ಜಾರಿದ ಸುತ್ತಿಗೆ ಪಾದದ ಮೇಲೆ ಬೀಳುವುದಕ್ಕೆ ಮೊದಲು ಒಂದು ಚೂರು ಹೊತ್ತು ಇರುತ್ತದಲ್ಲ, ಅದರೊಳಗೆ ನಾನು ಆಡಿದ್ದೆಲ್ಲ ಮೊದಲಿನಿಂದ ಕೇಳಿಸಿತು. ಒಂದು ದಿನ ಅಂಗಡಿ ಮುಚ್ಚಿದರೆ ಕೈ ಕಡಿತ ಬರುವ ಮನುಷ್ಯ ನಾನು. ಅಷ್ಟು ಜನರೆದುರು, ಬೀಗರಾಗಬೇಕಾದವರ ಎದುರು, ಚಿಕ್ಕಂದಿನಿಂದ ಪೋಲಿ ತಿರುಗುವುದೇ ನನ್ನ ಕೆಲಸ, ಹೆಂಡತಿಯನ್ನೂ ಜೊತೆಗೆ ಸೇರಿಸಿಕೊಂಡಿದ್ದೆ ಎಂದು ನನ್ನ ಬಾಯಿಂದಲೇ ಸಾರಿಬಿಟ್ಟಿದ್ದೆ. “ಮೋಟ್ರು ಕಣಪ್ಪ. ಪಂಪ್‌ಸೆಟ್ ಮೋಟ್ರು” ಅಂದೆ.

“ಇಷ್ಟೊತ್ತು ಯಾಕ್ ಸರ್ ಹೇಳ್ಲಿಲ್ಲ?”

“ನೀನೆಲ್ಲಿ ಕೇಳ್ದೆ?”

ಅದಕ್ಕೆ ಎಲ್ಲಕ್ಕಿಂತ ಜಾಸ್ತಿ ನಕ್ಕರು. ನಾನು ಹಿಂದೆ ತಿರುಗಿದೆ. ಮಗಳು ವೇಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ತಮ್ಮಯ್ಯನವರು ತಲೆ ತಗ್ಗಿಸಿ ಕರ್ಚೀಫು ಬಾಯಿಗೆ ಒತ್ತಿಹಿಡಿದಿದ್ದರು. ನೋಡನೋಡುತ್ತಿದ್ದ ಹಾಗೇ ಎದ್ದು, ಯಾರಿಗೂ ಏನೂ ಹೇಳದೆ, ಬಾಗಿಲು ದಾಟಿ ಹೊರಟುಹೋದರು. ಅವರ ಹಿಂದೆ ಅವರ ಹೆಂಡತಿ, ಆಮೇಲೆ ಹರೀಶ. ಉಳಿದ ಷೋನಲ್ಲಿ ಆ ಗಡ್ಡದವನು ಏನು ಹೇಳಿದ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ನಾನು ಮೂರು ಖಾಲಿ ಕುರ್ಚಿಗಳನ್ನು ಬೆನ್ನಿನಲ್ಲೇ ನೋಡುತ್ತಾ ಕೂತಿದ್ದೆ.

ಷೋ ಮುಗಿದು ಹೊರಗೆ ಬಂದರೆ ಅವರು ಮಳವಳ್ಳಿ ಬಸ್ಸು ಹತ್ತಿಯಾಗಿತ್ತು. ತಂದೆಗೆ ಹುಷಾರಿಲ್ಲ ಎಂದು ಹರೀಶನಿಂದ ಮಗಳ ಫೋನಿಗೆ ಒಂದು ಸಾಲು ಬಂದಿತ್ತು. ಹುಷಾರಿಲ್ಲ ಅಂದರೆ ಏನೆಂದು ನಮಗೆ ಗೊತ್ತು. ಸಂಬಂಧ ಬೇಡವಾದಾಗ ನಮ್ಮ ಕಡೆ ಯಾರಿಗಾದರೂ ಹುಷಾರು ತಪ್ಪುತ್ತದೆ. ನಾವೂ ನಮ್ಮ ಬಸ್ಸು ಹತ್ತಿದೆವು. ಜಯಮ್ಮ ಕಿಟಕಿಯಾಚೆ ನೋಡುತ್ತಾ, “ಆ ಮನ್ಸ ಎದ್ದೋದ್ರಲ್ಲ” ಎಂದು ಒಂದು ಸಲ ಅಂದಳು. ಊರು ಹತ್ತಿರ ಬಂದ ಮೇಲೆ ಮಗಳು ಬಾಯಿಬಿಟ್ಟಳು. “ಅಪ್ಪ, ನಾನು ನಗು ಅಂದಿದ್ದೆ. ನಗ್ಸು ಅಂದಿರ್ಲಿಲ್ಲ.” ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಮೆಲ್ಲಗೆ ಹೇಳಿದಳು, ಅದೇ ಕಷ್ಟವಾಯಿತು.

ಆಮೇಲಿನ ದಿನಗಳಲ್ಲಿ ನನ್ನ ಅಂಗಡಿಗೆ ಬಂದವರು ಪಾಪ ಸುಮ್ಮನೆ ಬೈಸಿಕೊಂಡರು. ಯಾರಾದರೂ, “ಯಾವತ್ತು ಸುತ್ತೀಯಣ್ಣ?” ಅಂದರೆ, “ಏನ ಸುತ್ಬೇಕು, ಪೂರ್ತಿ ಯೋಳು” ಅನ್ನುತ್ತಿದ್ದೆ. ಕೆರಗೋಡಿನ ರೈತನೊಬ್ಬ ತನ್ನ ಮೋಟರನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡಿ, “ಮೋಟ್ರು ಕಣಣ್ಣ. ಇನ್ನೇನ್ ನನ್ ಸುತ್ತೀಯಾ?” ಅಂದ. ಮಾಮೂಲಿ ದಿನಗಳಲ್ಲಾದರೆ ಅದಕ್ಕೊಂದು ಜವಾಬು ಕೊಡುತ್ತಿದ್ದೆ. ಆವತ್ತು ಚೀಟಿ ಬರೆದು ಮೋಟರಿಗೆ ಕಟ್ಟಿದೆ. ಮನೆಯಲ್ಲಿ ಮಗಳು ಲ್ಯಾಬಿಗೆ ಹೋಗುವಳು, ಬರುವಳು, ಉಣ್ಣುವಳು. ಹರೀಶ ಕೇಳಿದಾಗಲೆಲ್ಲ ಅಪ್ಪನಿಗೆ ಹುಷಾರಿಲ್ಲ ಎಂದೇ ಹೇಳುತ್ತಿದ್ದನಂತೆ, ನಾವು ಯಾರೂ ನಂಬಲಿಲ್ಲ. ಹುರಿದ ರವೆ ಡಬ್ಬದಲ್ಲಿ ಹಾಗೇ ಇತ್ತು. ಆ ಡಬ್ಬವನ್ನು ನಾನು ನೋಡದ ಹಾಗೆ ಜಯಮ್ಮ ಮೇಲಿನ ಅಟ್ಟಣೆಗೆ ಇಟ್ಟಳು. ನೋಡದ ಹಾಗೆ ಇಟ್ಟದ್ದನ್ನು ನಾನು ನೋಡಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ತಲೆ ಬಗ್ಗಿಸಿ ತಂತಿ ಸುತ್ತುತ್ತಿದ್ದೆ. ಅಂಗಡಿಯ ಬೆಳಕಿಗೆ ಯಾರೋ ಅಡ್ಡ ನಿಂತರು. ನೋಡಿದರೆ ತಮ್ಮಯ್ಯನವರು. ಒಬ್ಬರೇ ಬಂದಿದ್ದಾರೆ. ನನ್ನ ಕೈಯಲ್ಲಿ ತಂತಿ, ಎದ್ದರೆ ಸುತ್ತಿದ್ದೆಲ್ಲ ಸಡಿಲ, ಏಳದಿದ್ದರೆ ಅಮರ್ಯಾದೆ. ಅರ್ಧ ಎದ್ದು ಅರ್ಧ ಕೂತು, “ಬನ್ನಿ ಅಣ್ಣ” ಅಂದೆ. “ಏಳ್ಬ್ಯಾಡಿ” ಎಂದು ಹೇಳಿ ಅವರೇ ಸ್ಟೂಲು ಎಳೆದುಕೊಂಡು ಕೂತರು. ನಾನು ಸುತ್ತುವುದನ್ನು ಸುಮ್ಮನೆ ನೋಡಿದರು. ಎಷ್ಟು ಹೊತ್ತು ನೋಡಿದರೋ, ನಾನು ಸುತ್ತಿನ ಲೆಕ್ಕ ತಪ್ಪಿ ಮೊದಲಿನಿಂದ ಎಣಿಸಿದೆ. ಕೊನೆಗೆ, “ದಿಟವಾಗ್ಲೂ ಕೂತಲ್ಲೇ ಸುತ್ತುತೀರಾ” ಅಂದರು. ಅಂದವರ ಹೊಟ್ಟೆ ಅಲ್ಲಾಡಲು ಶುರುವಾಯಿತು. ಸದ್ದಿಲ್ಲ. ಹೆಗಲು ಕುಣಿಯುತ್ತಿದೆ, ಕಣ್ಣಲ್ಲಿ ನೀರು, ಬಾಯಿಗೆ ಕರ್ಚೀಫು. ಮಂಡ್ಯದ ಹಾಲಿನಲ್ಲಿ ನಾನು ಕಂಡದ್ದೂ ಇದನ್ನೇ. ನಾನು ಅದನ್ನು ಅವಮಾನ ಎಂದುಕೊಂಡಿದ್ದೆ.

ನೀರು ಕುಡಿಸಿದ ಮೇಲೆ ಅವರು ನನಗೆ ಗೊತ್ತಿದ್ದ ಮಟ್ಟಿಗೆ ಅತಿ ಉದ್ದದ ಮಾತಾಡಿದರು. “ಪವರ್‌ಹೌಸ್‌ನಲ್ಲಿ ಮಿಸೀನ್ ಸಬ್ದ ಕಣ್ರೀ. ಪಕ್ದಲ್ಲಿ ನಿಂತೋನು ಏನಂದ ಅಂತ ಗೊತ್ತಾಗದು. ಅವ್ನು ನಗ್ಸೋಕೆ ಯೋಳ್ದ್ನಾ, ಬಯ್ದ್ನಾ, ಯಾವ್ದೂ ತಿಳಿಯಕಿಲ್ಲ. ತಲೆ ಆಡ್ಸಿದ್ರೆ ಮುಗೀತು. ನಗೋದೇ ಬುಟ್ಟೋಗಿತ್ತು. ಆವತ್ತು ನಿಮ್ ಮಾತ್ಗೆ ನಗು ಬಂತು ನೋಡಿ, ನಿಲ್ಸೋದು ಎಂಗೆ ಅಂತ ಗೊತ್ತಾಗ್ದೆ ಕೆಮ್ಮು ಅತ್ಕತ್ತು. ಆಚೆ ಬಂದು ಬಸ್‌ಸ್ಟ್ಯಾಂಡ್ ತನ್ಕ ಕೆಮ್ಮುದೆ. ನಮ್ಮನೆಯೋಳು ಎದ್ರಿ ಡಾಕ್ಟ್ರತಾವ್ ಕರ್‍ಕೊಂಡೋದ್ಲು. ವಸಿ ದಿವ್ಸ ಮಾತಾಡ್ಬ್ಯಾಡಿ ಅಂದ್ರು. ನಂಗೇನ್ ಅದು ಕಷ್ಟವಾ?”

ಹುಷಾರಿಲ್ಲ ಎಂದದ್ದು ನಿಜವಾಗಿಯೂ ಹುಷಾರಿಲ್ಲದ್ದೇ ಆಗಿತ್ತು. ನಮ್ಮ ಕಡೆ ಇಂಥದ್ದು ಅಪರೂಪ, ಹೀಗಾಗಿ ನನ್ನ ತಪ್ಪೇನೂ ಇರಲಿಲ್ಲ. ಹೆಣ್ಣು ಕೊಡುತ್ತೀರಾ ಎಂದು ಅವರು ಕೇಳಲಿಲ್ಲ, ಒಪ್ಪಿದ್ದೇನೆ ಎಂದೂ ಹೇಳಲಿಲ್ಲ. ಎದ್ದು ಹೊರಡುವಾಗ, “ಮಳವಳ್ಳೀಲಿ ಇನ್ನೊಂದು ಸೋ ಅದಂತೆ. ಬೀಗ್ರು ಮುಂದೇನೇ ಕೂತ್ಕಬೇಕು” ಅಂದರು. ಬೀಗರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಅಂಗಡಿ ಬಿಟ್ಟು ಮನೆಗೆ ಓಡಿದೆ. ಜಯಮ್ಮ ಅಟ್ಟಣೆಯಿಂದ ಡಬ್ಬ ಇಳಿಸಿದಳು.

ನಿಶ್ಚಿತಾರ್ಥವಾಯಿತು. ಅದರ ಬೆನ್ನಿಗೇ ಮಳವಳ್ಳಿಯ ಕಲ್ಯಾಣ ಮಂಟಪದಲ್ಲಿ ಷೋ. ಅದೇ ಗಡ್ಡದ ಹುಡುಗ. ಈ ಸಲ ಅವನಿಗೆ ಬುದ್ಧಿ ಕಲಿಸಬೇಕೆಂದು ನಾನು ತೀರ್ಮಾನಿಸಿದ್ದೆ. ಕೇಳುವುದು ಅವನ ಕೆಲಸ, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಸಿಕ್ಕಿಹಾಕಿಕೊಂಡದ್ದು ನನ್ನ ಎಡವಟ್ಟು. ಆದ್ದರಿಂದ ಪೂರ್ತಿ ವಾಕ್ಯವೊಂದನ್ನು ತಯಾರು ಮಾಡಿದೆ. ಮಗಳಿಗೆ ಒಪ್ಪಿಸಿದೆ, ಅವಳು ಎರಡು ಕಡೆ ತಿದ್ದಿದಳು. ಅಂಗಡಿಯಲ್ಲಿ ತಂತಿ ಸುತ್ತುತ್ತಾ ಅದನ್ನೇ ಬಾಯಿಪಾಠ ಹೊಡೆದೆ. ಇಸ್ಕೂಲಿನಲ್ಲಿ ಇಷ್ಟು ಶ್ರದ್ಧೆ ತೋರಿಸಿದ್ದರೆ ಎಂಟನೇ ಕ್ಲಾಸು ಆಗುತ್ತಿತ್ತೋ ಏನೋ. ಅದೇ ಬಿಳಿ ಷರ್ಟು ಹಾಕಿಕೊಂಡೆ, ಗುರುತು ಸಿಗಲಿ ಎಂದು. ಮುಂದಿನ ಸಾಲಿನ ಮಧ್ಯೆ ನಾನು, ಪಕ್ಕದಲ್ಲಿ ಬೀಗರು. ಅವರು ಈ ಸಲ ಮುಂದಿನ ಸಾಲಿನ ನಂಬರನ್ನೇ ಕೇಳಿ ಪಡೆದಿದ್ದರು. ಜಯಮ್ಮ, ಮಗಳು, ಉಳಿದವರೆಲ್ಲ ನಮ್ಮ ಬೆನ್ನ ಹಿಂದೆ.

ಹುಡುಗ ಬಂದ. ನನ್ನ ಕಡೆ ನೋಡಲಿಲ್ಲ. ನಾನು ಸ್ವಲ್ಪ ಕೆಮ್ಮಿದೆ. ಆಗಲೂ ನೋಡಲಿಲ್ಲ. ಬದಲಿಗೆ, “ಒಂದ್ಸಲ ಮಂಡ್ಯದಲ್ಲಿ ಷೋ ಮಾಡ್ತಿದ್ದೆ, ಮುಂದೆ ಒಬ್ರು ಅಂಕಲ್ ಕೂತಿದ್ರು” ಎಂದು ಶುರುಮಾಡಿದ. ನಾನು ಕುರ್ಚಿಯ ತುದಿಗೆ ಬಂದೆ. ನನ್ನದೇ ಕತೆ. ನಮ್ಮ ಮಾತನ್ನು ಅವನ ಬಾಯಲ್ಲಿ ಕೇಳುವುದೇ ಒಂದು ಹಿಂಸೆ, ಸಿಕ್ಕಸಿಕ್ಕ ಕಡೆ “ಕಣ್ಲಾ” ಸೇರಿಸುತ್ತಿದ್ದ. ನಾನು ಅವನಿಗೆ ಅಪ್ಪ ಅಂದಿದ್ದೆನೇ ಹೊರತು ಲಾ ಅಂದಿರಲಿಲ್ಲ. ಆದರೂ ಮುಂದೆ ಏನು ಬರುತ್ತದೆಂದು ನನಗೆ ಗೊತ್ತಲ್ಲ, “ಎಲ್ಲೆಲ್ಲಿ ಸುತ್ತುತೀರಾ ಅಂತ ಕೇಳ್ದೆ” ಎಂದು ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನಗೆ ನಗು ಬಂದುಬಿಟ್ಟಿತು. ತುಟಿಯ ನಗುವಲ್ಲ, ಬತ್ತಿದ ಬೋರಿನ ನಗು. ಮಂಟಪದ ತುಂಬ ಗರಗರ ಕೇಳಿತು. ಅವನು ಕತೆ ನಿಲ್ಲಿಸಿದ.

“ಏನ್ ಸರ್, ಈ ಜೋಕ್ ಮೊದ್ಲೇ ಕೇಳಿದ್ದೀರಾ?”

“ಯೋಳ್ದೋನೇ ನಾನು ಕಣಪ್ಪ.”

ಅವನು ನನ್ನನ್ನು ನೋಡಿದ. ಕಣ್ಣಿನಲ್ಲಿ ಗುರುತಿನ ಒಂದು ಎಳೆಯ ಸುಳಿವೂ ಇರಲಿಲ್ಲ. “ಪ್ರತಿ ಊರಲ್ಲೂ ಒಬ್ರು ಹೀಗಂತಾರೆ ಸರ್” ಅಂದ. ಜನ ನಕ್ಕರು. “ಹೋಗ್ಲಿ, ನೀವೇ ಹೇಳಿ, ಏನ್ ಕೆಲಸ ನಿಮ್ಮದು?”

ಇದಕ್ಕಾಗಿಯೇ ಅಲ್ಲವೇ ನಾನು ಬಂದದ್ದು? ಎದ್ದು ನಿಂತೆ. ಷರ್ಟು ಸರಿಮಾಡಿಕೊಂಡೆ. “ನಾನು ಮದ್ದೂರಿನಲ್ಲಿ ರೈತರ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿಯನ್ನು ಸುತ್ತುವ ಉದ್ಯೋಗವನ್ನು ನಡೆಸುತ್ತಿದ್ದೇನೆ” ಎಂದು ಒಂದು ಅಕ್ಷರವೂ ತಪ್ಪದೆ ಹೇಳಿದೆ.

ಮಂಟಪ ಗಪ್‌ಚಿಪ್. ಮೇಲೆ ಫ್ಯಾನ್ ತಿರುಗುವುದು ಕೇಳುತ್ತಿತ್ತು. ಅದರ ಬೇರಿಂಗು ಹೋಗಿತ್ತು.

“ಒಳ್ಳೇದು ಸರ್, ಕೂತ್ಕೊಳಿ” ಅಂದ ಹುಡುಗ. ಥೇಟು ನಮ್ಮ ಮೇಷ್ಟ್ರ ಹಾಗೆ. ಅಂದವನು ಮೈಕನ್ನು ನನ್ನ ಪಕ್ಕಕ್ಕೆ ತಿರುಗಿಸಿದ. “ಸರ್, ನೀವು?”

ಬೀಗರು ಏಳಲಿಲ್ಲ. ಕೂತಲ್ಲಿಂದಲೇ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ ಹೇಳಿದರು. “ನಾನು ರಿಟೇರು ಕಣಪ್ಪ. ಈಗ ನಾನೂ ಸುತ್ತುತೀನಿ.”

ಮಂಟಪ ಹಾರಿಹೋಗುವ ಹಾಗೆ ನಕ್ಕರು. ಬೆನ್ನ ಹಿಂದೆ ಮಗಳ ನಗು ಕೇಳಿತು, ಹರೀಶನದೂ ಕೇಳಿತು. ಬೀಗರು ಕರ್ಚೀಫು ತೆಗೆದು ಬಾಯಿಗೆ ಹಿಡಿದುಕೊಂಡು ತಯಾರಾದರು. ಇಷ್ಟು ವರ್ಷ ತಂತಿ ಸುತ್ತಿ ಸಂಪಾದಿಸಿದ ಮಾತನ್ನು ಪವರ್‌ಹೌಸಿನ ಮನುಷ್ಯ ನನ್ನ ಪಕ್ಕದಲ್ಲೇ ಕೂತು ಹೊಡೆದುಕೊಂಡು ಹೋದರಲ್ಲ ಎಂದು ನಾನು ನೆಟ್ಟಗೆ ಮುಂದೆ ನೋಡುತ್ತಾ ಕೂತಿದ್ದೆ. ಜಯಮ್ಮ ಹಿಂದಿನಿಂದ ಬಗ್ಗಿ ನನ್ನ ಕಿವಿಯ ಹತ್ತಿರ, ಈ ಸಲ ನಿಜವಾಗಿಯೂ ಮೆಲ್ಲಗೆ, ಅಂದಳು:

“ಮೋಟ್ರು ಅಂತ ಯಾಕ್ರೀ ಯೋಳುದ್ರಿ?”